ಎರಡನೇ ಸಲ, ಅದೇ ಜಾಗದಲ್ಲಿ

ಹೇಳಬಾರದ ಜಾಗದಲ್ಲಿ ಹುಣ್ಣಾಗಿತ್ತು. ಮಕ್ಕಳಿಗೆ ವಿಜ್ಞಾನ ಕಲಿಸುವ ನಾನೇ ಹೀಗೆ ಬರೆದರೆ ಹೇಗೆ? ಜನನಾಂಗದಲ್ಲಿ ಹುಣ್ಣಾಗಿತ್ತು. ಮೂತ್ರಕ್ಕೆ ಕೂತರೆ ಉರಿಗೆ ಕಣ್ಣಲ್ಲಿ ನೀರು. ಕಲಬುರಗಿಯ ಬ್ರಹ್ಮಪುರದ ಮನೆಯಿಂದ ಕಮಲಾಪುರದ ಶಾಲೆಗೆ ದಿನಾ ಬಸ್ಸು. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದೆ.

ಕೆಲವು ತಿಂಗಳ ಹಿಂದೆ ಅಲ್ಲೇ ಆಗಿ, ತಾನೇ ಮಾಯ್ದಿತ್ತು. ಈಗ ಅದೇ ಜಾಗದಲ್ಲಿ ಮತ್ತೆ ಬಂದಿತ್ತು. ನನ್ನವರದು ಚಾದರಗಳ ವ್ಯಾಪಾರ. ಸೊಲ್ಲಾಪುರ, ಹೈದರಾಬಾದ್ ಅಂತ ಆಗಾಗ ಹೊರಗಿರುತ್ತಾರೆ. ಅನುಮಾನದ ವಿಷಯದಲ್ಲಿ ನಾನು ಮೊದಲಿನಿಂದಲೂ ಚುರುಕು. ಅವರು ಚಹಾ ಕುಡಿಯುವಾಗ ಕೇಳಿಯೇ ಬಿಟ್ಟೆ: "ಎಲ್ಲಿಂದ ಹಚ್ಕೊಂಡು ಬಂದ್ರಿ ಇದನ್ನ?"

ಅವರು ಕಪ್ಪು ಕೆಳಗಿಟ್ಟರು. "ಮೊದ್ಲ ಡಾಕ್ಟರ್ ಕಡೆ ಹೋಗು," ಅಂದರು. ಅಷ್ಟೇ.

ಗುರುತಿನವರು ಕಂಡಾರೆಂದು ನಮ್ಮ ಓಣಿ ಬಿಟ್ಟು ಗಾಜಿಪುರದ ಡಾಕ್ಟರಮ್ಮನ ಹತ್ತಿರ ಹೋದೆ. ಚೀಟಿ ಬರೆಯುವಾಕೆ ಎಲ್ಲರೆದುರು "ಏನ್ ತಕ್ಲೀಫ್ ಅದರೀ?" ಅಂದಳು. "ತುರಿಕಿ," ಅಂದೆ.

ಡಾಕ್ಟರಮ್ಮ ನೋಡಿ ಹೇಳಿದರು: "ಇದಕ್ಕ ಕಾರಣ ಒಂದಲ್ರೀ. ಹರ್ಪಿಸ್ ಅನ್ನೋ ವೈರಸ್ ಇರಬಹುದು, ಬ್ಯಾರೆ ಸೋಂಕು ಇರಬಹುದು. ಬಾಯಾಗೂ ಹುಣ್ಣಾಗೋ ಒಂದು ಬ್ಯಾನಿ ಅದ. ಗುಳಿಗಿಯಿಂದನೂ ಆಗ್ತದ. ತಪಾಸಣಿ ಮಾಡ್ಸೋಣ."

ತಪಾಸಣೆಗಳ ಚೀಟಿಯಲ್ಲಿ ಎಚ್‌ಐವಿ ಎಂದೂ ಕಂಡಿತು. ಉಳಿದದ್ದೊಂದೂ ತಲೆಗೆ ಹೋಗಲಿಲ್ಲ. ಎರಡು ದಿನ ಬೋರ್ಡಿನ ಕಡೆ ಮುಖ ಮಾಡಿಯೇ ಪಾಠ ಮಾಡಿದೆ. ಮಗಳಿಗೆ ಮುತ್ತು ಕೊಡಲೂ ಹೆದರಿದೆ.

ಮೂರನೇ ದಿನ ರಿಪೋರ್ಟು ಬಂತು. ಯಾವ ಸೋಂಕೂ ಇರಲಿಲ್ಲ. ಡಾಕ್ಟರಮ್ಮ ನನ್ನ ತುಟಿಯ ಕಪ್ಪು ಕಲೆ ನೋಡಿದರು. "ಇದು ಯಾವಾಗಿಂದು?"

"ಹಿಂದಿನ ಸಲ ಹುಣ್ಣಾದಾಗಿಂದ್ರೀ."

"ಎರಡೂ ಸಲ ಅದಕ್ಕಿಂತ ಮೊದ್ಲ ಯಾವ ಗುಳಿಗಿ ತಗೊಂಡಿದ್ರಿ?"

ಆಗ ನೆನಪಾಯಿತು. ಎರಡೂ ಸಲ ಹೊಟ್ಟೆ ಕೆಟ್ಟಿತ್ತು. ಎರಡೂ ಸಲ ಕಮಲಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ನಲ್ಲಿ "ಎರಡು ಗುಳಿಗಿ ಕೊಡ್ರಿ" ಅಂದಿದ್ದೆ. ಅವರು ಪಟ್ಟಿಯಿಂದ ಕತ್ತರಿಸಿ ಕೊಟ್ಟಿದ್ದರು. ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿಯಿತು. ನಾವೆಲ್ಲ ಹಾಗೆಯೇ ಕೊಳ್ಳುತ್ತೇವೆ. ಆ ಗುಳಿಗೆ ನನ್ನ ಮೈಗೆ ಒಗ್ಗದು, ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಹುಣ್ಣು ಏಳುತ್ತದಂತೆ; ತುಟಿಯ ಕಲೆಯೂ ಅದರದೇ ಗುರುತಂತೆ.

ಹಾರಿಕೊಂಡು ಮನೆಗೆ ಬಂದು ನನ್ನವರಿಗೆ ಹೇಳಿದೆ. ಅವರು ಅಂಗಿಯ ಕಿಸೆಯಿಂದ ಮಡಚಿದ ಕಾಗದ ತೆಗೆದರು. ಅವರ ರಕ್ತದ ರಿಪೋರ್ಟು; ಅದರಲ್ಲೂ ಯಾವ ಸೋಂಕಿರಲಿಲ್ಲ. ನಾನು ಕೇಳಿದ ಮರುದಿನವೇ ಮಾಡಿಸಿದ್ದರು.

"ನಿಮಗ ನನ್ನ ಮ್ಯಾಲ ಅನುಮಾನ ಬರಲಿಲ್ಲೇನ್ರಿ?"

"ನಿನ್ನ ಮ್ಯಾಲ? ಯಾಕ ಬರಬೇಕು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮೆಡಿಕಲ್‌ನಲ್ಲಿ ಗುಳಿಗೆಯ ಹೆಸರು ಕೇಳಿ, ಬರೆದು ಪರ್ಸಿನಲ್ಲಿಟ್ಟಿದ್ದೇನೆ. ಹುಣ್ಣಿನ ಭಯ ಈಗಿಲ್ಲ. ನಾನಾಡಿದ ಆ ಮಾತನ್ನು ನನ್ನವರು ಮತ್ತೆ ಎತ್ತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೊಲ್ಲಾಪುರಕ್ಕೆ ಹೊರಟಾಗ ಈಗ ಲಾಡ್ಜಿನ ಹೆಸರು, ರೂಮಿನ ನಂಬರು ನಾನು ಕೇಳದಿದ್ದರೂ ಬರೆದಿಟ್ಟು ಹೋಗುತ್ತಾರೆ.