ಮೀನಕ್ಕನ ಏಳನೇ ಸಲ

ಈಗಷ್ಟೇ ಬೆಳಕು ಹರಿಯುತ್ತಿದೆ. ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ಮೂವತ್ತೆರಡು ಗಾಜಿನ ತೊಟ್ಟಿಗಳು ಗುಳುಗುಳು ಎನ್ನುತ್ತಿವೆ. ಬೀದಿಯವರೆಲ್ಲ ‘ಮೀನಕ್ಕ’ ಎಂದೇ ಕರೆಯುವ ಐವತ್ತರ ಹೆಂಗಸು ಒಂದು ತೊಟ್ಟಿಯ ಮುಂದೆ ಮಂಡಿಯೂರಿದ್ದಾರೆ. ಒಳಗೆ ಟೈಲ್ಸ್ ಚೂರಿನ ಮೇಲೆ ಸಾಸಿವೆ ಕಾಳಿನಷ್ಟು ಮೊಟ್ಟೆಗಳು, ಸುಮಾರು ಎಂಟುನೂರು.

“ಇವತ್ತು ಮೂರನೇ ದಿನ. ಬೆಳ್ಳಗಾದ್ರೆ ಮುಗೀತು. ಜೇನಿನ ಬಣ್ಣ ಇದ್ರೆ ಜೀವ ಇದೆ,” ಎನ್ನುತ್ತಾರೆ, ಕಣ್ಣು ಕೀಳದೆ.

ತೊಟ್ಟಿಯ ನಡುವೆ ನಿಲ್ಲಿಸಿದ, ತೂತುಗಳಿರುವ ಅಡ್ಡಗಾಜಿನ ಆಚೆ ಅಪ್ಪ ಮೀನು ಗಸ್ತು ತಿರುಗುತ್ತಿದೆ. ಅದು ಫ್ಲವರ್‌ಹಾರ್ನ್. ಹಣೆಯ ಮೇಲೆ ನೀರು ತುಂಬಿದ ಬಲೂನಿನಂಥ ಉಬ್ಬು, ಎದೆಯೆಲ್ಲ ಕೆಂಡದ ಕೆಂಪು, ಪಕ್ಕೆಯುದ್ದಕ್ಕೂ ಶಾಯಿ ಚೆಲ್ಲಿದಂಥ ಮಚ್ಚೆಗಳ ಸಾಲು, ಮೈತುಂಬ ಮುತ್ತಿನ ಪುಡಿ ಎರಚಿದ ಹೊಳಪು. ಇಂಥ ಮೀನನ್ನು ಯಾವ ನದಿಯೂ ಹೆತ್ತಿಲ್ಲ. ಸಿಕ್ಲಿಡ್ ಎಂಬ ಮೀನಿನ ಕುಲದ ಬೇರೆ ಬೇರೆ ಜಾತಿಗಳನ್ನು ಕೂಡಿಸಿ ಮನುಷ್ಯರೇ ಮಾಡಿಕೊಂಡ ತಳಿ ಇದು.

ಮೀನಕ್ಕ ಮೊದಲು ಇಸ್ತ್ರಿ ಅಂಗಡಿ ನಡೆಸುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ, ಮನೆ ಖಾಲಿ ಮಾಡಿದ ಗಿರಾಕಿಯೊಬ್ಬರು ಬೂದು ಬಣ್ಣದ ಮರಿಮೀನೊಂದನ್ನು ಬಕೆಟ್ಟಿನಲ್ಲಿ ತಂದು ಅಂಗಡಿಯಲ್ಲಿ ಬಿಟ್ಟುಹೋದರು. ಆರು ತಿಂಗಳಲ್ಲಿ ಅದು ಬೂದು ಕಳಚಿ ಕೆಂಪಾಗಿ ನಿಂತಿತು.

“ಕಣ್ಣೆದುರೇ ಮೈಬಣ್ಣ ಬದಲಾಯ್ತು. ಅವತ್ತೇ ನನ್ನ ತಲೆ ಕೆಟ್ಟಿದ್ದು.”

“ಇನ್ನೂ ಸರಿಹೋಗಿಲ್ಲ!” ಅಡುಗೆಮನೆಯಿಂದ ಅತ್ತೆಯ ದನಿ.

ಈ ಮೀನು ಮಹಾ ಜಗಳಗಂಟ. ಗಂಡು ಹೆಣ್ಣನ್ನೇ ಕಚ್ಚಿ ಕೊಂದುಬಿಡಬಹುದು. ಹಾಗಾಗಿ ವಾರಗಟ್ಟಲೆ ಅಡ್ಡಗಾಜಿನ ಎರಡು ಬದಿಗಿಟ್ಟು ಪರಿಚಯ ಮಾಡಿಸಬೇಕು. ಈಗಿನ ಗಂಡು, ಇವರು ಬೆಳೆಸಿದವುಗಳಲ್ಲೇ ಚೆಲುವ. ಆದರೆ ಆರು ಸಲವೂ ಮೊಟ್ಟೆಗಳೆಲ್ಲ ಬೆಳ್ಳಗಾದವು. “ಇವನಿಂದ ಸಂತಾನ ಆಗಲ್ಲ ಅಕ್ಕ, ಬಿಟ್ಬಿಡಿ” ಎಂದರು ಮೀನಿನ ಅಂಗಡಿಯವರು. ಮೀನಕ್ಕ ನೀರು ಬದಲಿಸಿದರು, ಹೆಣ್ಣು ಬದಲಿಸಿದರು, ಮನಸ್ಸು ಮಾತ್ರ ಬದಲಿಸಲಿಲ್ಲ.

ಇದು ಏಳನೇ ಸಲ. ಟಾರ್ಚ್ ಬೆಳಕು ಬಿದ್ದೊಡನೆ ಒಂದು ಮೊಟ್ಟೆ ನಡುಗುತ್ತದೆ. ಕೂದಲೆಳೆಯಂಥ ಬಾಲವೊಂದು ಪಟಕ್ಕನೆ ಹೊರಬರುತ್ತದೆ. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಲೇ ಇಡೀ ಟೈಲ್ಸ್ ಮಿಡುಕತೊಡಗುತ್ತದೆ. ಮೀನಕ್ಕ ಟಾರ್ಚನ್ನು ಇನ್ನೂ ಹತ್ತಿರ ಹಿಡಿಯುತ್ತಾರೆ. ಕೋಲೂರಿಕೊಂಡು ಬಂದ ಅತ್ತೆ ಬಗ್ಗಿ ನೋಡಿ, “ಅಯ್ಯಯ್ಯೋ, ಇಷ್ಟೊಂದು ಜನಾನಾ!” ಎನ್ನುತ್ತಾ ಸೊಸೆಯ ಹೆಗಲು ಹಿಡಿದುಕೊಳ್ಳುತ್ತಾರೆ.

ಎಂಟುನೂರರಲ್ಲಿ ಅಪ್ಪನ ಚೆಲುವು ಬರುವುದು ಹೆಚ್ಚೆಂದರೆ ಹತ್ತಕ್ಕೆ. ಉಳಿದವನ್ನು ಮೀನಕ್ಕ ಎಸೆಯುವುದಿಲ್ಲ, ಸಾಕುತ್ತೇನೆಂದವರಿಗೆ ಕೊಡುತ್ತಾರೆ. ಈ ಶೆಡ್ಡಿನ ಮರಿಗಳು ಪ್ರದರ್ಶನಗಳಲ್ಲಿ ಬಹುಮಾನ ಗೆದ್ದಿವೆ, ಕೊಂಡವರ ಹೆಸರಿನಲ್ಲಿ.

ಅದರ ಬಗ್ಗೆ ಕೇಳಿದರೆ ಮೀನಕ್ಕ ಕೈ ಒರೆಸಿಕೊಂಡು ನಗುತ್ತಾರೆ. “ಹೆಸರು ಅವರದೇ ಇರ್ಲಿ ಬಿಡಿ. ನಾಲ್ಕು ಬೆರಳುದ್ದ ಆಗ್ತಿದ್ದ ಹಾಗೇ ಕೊಟ್ಬಿಡ್ತೀನಲ್ಲ, ದೊಡ್ಡದಾದ ಮೇಲೆ ಒಂದ್ಸಲ ಕರೆದು ತೋರ್ಸಿದ್ರೆ ಸಾಕು. ಬಾಗಿಲಲ್ಲೇ ನಿಂತು ನೋಡ್ಕೊಂಡು ಬರ್ತೀನಿ.”