ಹೊಸ್ತಿಲಾಚೆಯಿಂದ ಕರೆದವರು

ನಾನು ಹುಟ್ಟು ಪುಕ್ಕಲಿ. ಬೀದಿನಾಯಿ, ಗುಡುಗು, ಪೊಲೀಸ್ ಠಾಣೆಯ ಮೆಟ್ಟಿಲು, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಯಾವುದಾದರೂ ಸರಿ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಇಂಥವಳ ಪಾಲಿಗೆ ಬಂದ ಉದ್ಯೋಗವಾದರೂ ಎಂಥದ್ದು ನೋಡಿ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗಳ ಸಿಬ್ಬಂದಿಗೆ, ಊರೂರಿಗೆ ಹೋಗಿ, ಹೊಸ ಕಾನೂನು ಏನು ಹೇಳುತ್ತದೆ ಎಂದು ತಿಳಿಸಿಕೊಡುವುದು. ತಿಳಿಸಿಕೊಡುವುದು ಎನ್ನುವುದು ಆದೇಶದಲ್ಲಿರುವ ಮಾತು. ನಿಜವಾಗಿ ನಾನು ಮಾಡುತ್ತಿದ್ದದ್ದು ಹೆದರಿಸುವ ಕೆಲಸ. ಹೀಗೆ ಮಾಡಿದರೆ ದಂಡ, ಹಾಗೆ ಮಾಡಿದರೆ ಜೈಲು, ಏನೂ ಮಾಡದೆ ಸುಮ್ಮನೆ ಕುಳಿತರೂ ಅಪರಾಧ. ಹೇಳುತ್ತ ಹೇಳುತ್ತ ಎದುರಿಗಿದ್ದವರಿಗಿಂತ ಮೊದಲು ನನಗೇ ಬಾಯಿ ಒಣಗುತ್ತಿತ್ತು.

ಮೊದಲ ತರಬೇತಿ ಭಟ್ಕಳದಲ್ಲಿ. ಯಾರೂ ಇಲ್ಲದ ಮಗು ಕಣ್ಣಿಗೆ ಬಿದ್ದರೆ ಒಂದು ದಿನದೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಹೇಳಲೇಬೇಕು ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದಾಗ, ಹಿಂದಿನ ಸಾಲಿನ ಹೆಂಗಸೊಬ್ಬರು ಎದ್ದುನಿಂತರು. ಅದುವರೆಗೆ ಪಕ್ಕದವರೊಡನೆ ತಮ್ಮ ನವಾಯತಿ ಭಾಷೆಯಲ್ಲಿ ಪಿಸುಗುಡುತ್ತಿದ್ದವರು.

"ಮೇಡಂ, ನಮ್ಮ ಪಕ್ಕದ ಮನೆ ಮಗು ದಿನಾ ನಮ್ಮಲ್ಲೇ ಉಂಡು ಮಲಗ್ತದೆ. ತಾಯಿಗೆ ಹುಷಾರಿಲ್ಲ, ತಂದೆ ದುಬೈಲಿ. ಈಗ ನಾನು ಸಮಿತಿಗೆ ಹೇಳ್ಬೇಕೋ, ಊಟ ಹಾಕ್ಬೇಕೋ?"

ಎಲ್ಲರೂ ನಕ್ಕರು. ಊಟ ಹಾಕಿ ಎಂದೆ. ತಾಯಿ ಇದ್ದಾಳೆ, ಅವಳಿಗೆ ಗೊತ್ತಿದೆ, ಸಾಕು ಎಂದೆ. ಆದರೆ ಆ ಪ್ರಶ್ನೆ ಬಸ್ಸಿನಲ್ಲೂ ನನ್ನ ಬೆನ್ನು ಬಿಡಲಿಲ್ಲ. ನಮ್ಮ ಕರಾವಳಿಯಲ್ಲಿ ಎಷ್ಟೋ ಮಕ್ಕಳು ಹೀಗೇ ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆಯ ಜಗಲಿಯಲ್ಲಿ ಬೆಳೆಯುತ್ತವೆ. ಅದನ್ನು ಕಾನೂನಿನ ಭಾಷೆಯಲ್ಲಿ ಏನೆಂದು ಕರೆಯಬೇಕೆಂದು ಕೇಳಿದರೆ ನಾನೂ ತಡವರಿಸುತ್ತೇನೆ.

ಹೊನ್ನಾವರದಲ್ಲಿ ಕರೆಂಟ್ ಹೋಗಿ ನನ್ನ ಸ್ಲೈಡುಗಳೆಲ್ಲ ಕತ್ತಲಾದವು. ಅಲ್ಲಿಂದ ಕುಮಟಾ. ಕುಮಟಾದ ಆ ಮಕ್ಕಳ ಮನೆ ಹಳೆಯ ಹಂಚಿನ ಕಟ್ಟಡ, ನಡುವೆ ದೊಡ್ಡದೊಂದು ಹಜಾರ. ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕಿ, ಕೈಕೆಳಗೆ ನಾಲ್ಕಾರು ಆಯಾಗಳು. ಆಯಾಗಳಲ್ಲಿ ಹಿರಿಯರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಕರ್ಕಿ ಕಡೆಯವರು. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಎರಡು ಮಕ್ಕಳನ್ನು ಸೊಂಟದ ಎರಡೂ ಬದಿಗೆ ಇಟ್ಟುಕೊಂಡು ಓಡಾಡುವ ಗಟ್ಟಿ ಜೀವ.

ಆ ಮನೆಯವರದ್ದೇ ಒಂದು ಪದ್ಧತಿ ಇತ್ತು. ಕಳೆದುಹೋದ ಮಗುವನ್ನು ಹುಡುಕಿಕೊಂಡು ಯಾರಾದರೂ ಬಂದರೆ, ಮಗುವನ್ನು ಹಜಾರದ ನಡುವೆ ಚಾಪೆಯ ಮೇಲೆ ಕೂರಿಸುವುದು. ಬಂದವರು ಹೊಸ್ತಿಲ ಹೊರಗೇ ನಿಂತು ಕರೆಯಬೇಕು. ಒಳಗೆ ಕಾಲಿಡುವಂತಿಲ್ಲ, ತಿಂಡಿ ತೋರಿಸುವಂತಿಲ್ಲ. ಮಗು ತಾನಾಗಿ ಎದ್ದು ಹೋಗಿ ತೆಕ್ಕೆಗೆ ಬಿದ್ದರೆ ಅದು ಅವರದ್ದು. ಠಾಣೆಗೊಂದು ಮಾತು ತಿಳಿಸಿ, ಸಹಿ ಹಾಕಿಸಿಕೊಂಡು ಕಳಿಸಿಬಿಡುವುದು. ಹೋಗದಿದ್ದರೆ ಕೊಡುವುದಿಲ್ಲ. ಸುತ್ತಮುತ್ತಲ ಊರಿಗೆಲ್ಲ ಇದು ಗೊತ್ತಿತ್ತು.

ಬೆಳಗಿನ ಪಾಠದಲ್ಲಿ ನಾನು ಹೇಳಿದ್ದೇ ಅದು. ಇನ್ನು ಮುಂದೆ ಹಾಗೆ ನಡೆಯದು. ವಿಚಾರಣೆಯಾಗಬೇಕು, ಸಮಿತಿಯ ಆದೇಶವಿಲ್ಲದೆ ಮಗುವನ್ನು ಯಾರ ಕೈಗೂ ಕೊಡುವಂತಿಲ್ಲ. ದೊಡ್ಡಮ್ಮ ಎಲೆಯಡಿಕೆ ಹಾಕಿದ ಬಾಯಲ್ಲೇ ನಕ್ಕರು.

"ದೊಡ್ಡವ್ರು ಸುಳ್ಳು ಹೇಳ್ತ್ರು ಅಕ್ಕೋರೆ. ಕೂಸು ಎಂತಕ್ಕೆ ಸುಳ್ಳು ಹೇಳ್ತದೆ?"

ನಮ್ಮ ಕಡೆ ಟೀಚರಮ್ಮಂದಿರನ್ನು ಅಕ್ಕೋರು ಎನ್ನುವುದು ರೂಢಿ. ಮುಂದಿನ ಸ್ಲೈಡಿಗೆ ಹೋದೆ.

ಹಿಂದಿನ ಸಂಜೆ ಹೊನ್ನಾವರ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಅಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಪೊಲೀಸರು ಅಲ್ಲಿಗೆ ತಂದುಬಿಟ್ಟಿದ್ದರು. ಎರಡೂವರೆ ವರ್ಷವಿರಬಹುದು. ಮಧ್ಯಾಹ್ನ ಕಾರವಾರಕ್ಕೆ, ಸಮಿತಿಯ ಮುಂದೆ ಕರೆದೊಯ್ಯುವುದೆಂದು ಗೊತ್ತಾಗಿತ್ತು. ನಾವು ಚಹಾ ಕುಡಿಯುತ್ತಿದ್ದಾಗ ಗೇಟಿನ ಮುಂದೆ ರಿಕ್ಷಾ ನಿಂತಿತು. ಒಬ್ಬ ಹೆಂಗಸು, ಒಬ್ಬ ಗಂಡಸು. ಹೆಂಗಸು ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಓಡಿಬಂದು ಹೊಸ್ತಿಲಲ್ಲಿ ನಿಂತಳು. ಅವಳನ್ನು ಯಾರೂ ತಡೆದಿರಲಿಲ್ಲ, ಅವಳೇ ನಿಂತಳು. ಕೈ ಚಾಚಿ ಒಂದೇ ಸಲ ಕರೆದದ್ದು. ಚಾಪೆಯ ಮೇಲಿದ್ದ ಹುಡುಗಿ "ಅವ್ವಿ" ಎಂದು ಕೂಗಿ, ಎಡವಿ, ಎದ್ದು, ಓಡಿ ಅವಳ ಕೊರಳಿಗೆ ಜೋತುಬಿದ್ದಳು.

ಆಯಾಗಳೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡಮ್ಮ ನನ್ನ ಕಡೆ ತಿರುಗಿದರು.

"ಕೂಸು ಹೋತಲ ಅಕ್ಕೋರೆ. ಇನ್ನೆಂತ ಬೇಕು?"

ಕೊಡಿ ಎಂದುಬಿಡಬೇಕೆಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅರ್ಧ ಗಂಟೆಯ ಹಿಂದೆ ಜೈಲು, ದಂಡ ಎಂದು ಅಷ್ಟು ಜನರ ಮುಂದೆ ಭಾಷಣ ಬಿಗಿದವಳು ನಾನು. ಈಗ ನಾನೇ ಮುರಿದರೆ ನಾಳೆ ನನ್ನ ಕೆಲಸವೇ ಹೋಗುತ್ತದೆ ಎಂಬ ದಿಗಿಲು ಹತ್ತಿತು. ಧೈರ್ಯ ಗೀರ್ಯ ಏನೂ ಅಲ್ಲ, ಆ ದಿಗಿಲೇ ಬಾಯಿ ತೆರೆಸಿತು.

"ಸಮಿತಿ ಹೇಳುವ ತನಕ ಕೊಡೂಕೆ ಬರೂದಿಲ್ಲ."

ಮೇಲ್ವಿಚಾರಕಿ ಮಗುವನ್ನು ಆ ಹೆಂಗಸಿನ ಕೊರಳಿಂದ ಬಿಡಿಸಿಕೊಳ್ಳಬೇಕಾಯಿತು. ಆ ಹುಡುಗಿ ಕಿರುಚಿದ ಕಿರುಚಾಟ ಇವತ್ತಿಗೂ ನನ್ನ ಕಿವಿಯಲ್ಲಿದೆ. ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಹೆಂಗಸು ಹೊಸ್ತಿಲ ಮೇಲೆ ಕುಸಿದು, ನಿನಗೆ ಮಕ್ಕಳಿಲ್ಲವಾ, ನಿನ್ನ ಹೊಟ್ಟೆ ತಣ್ಣಗಿರೂದಿಲ್ಲ ಎಂದು ನನ್ನನ್ನು ಶಪಿಸತೊಡಗಿದಳು. ಗಂಡಸು ನನ್ನ ಮುಖದ ಹತ್ತಿರ ಬೆರಳು ತಂದ.

"ನಮ್ಮ ಕೂಸು ಕೊಡೂಕೆ ನಿಮ್ಮ ಅಪ್ಪಣೆ ಎಂತಕ್ಕೆ? ನೀವು ಯಾರು?"

ಅವನು ಫೋನು ತೆಗೆದು ಯಾರ್ಯಾರೊಡನೆಯೋ ಮಾತಾಡಿದ. ಸ್ವಲ್ಪ ಹೊತ್ತಿಗೆ ಬೈಕುಗಳು ಬಂದವು. ಗೇಟಿನ ಹತ್ತಿರ ಗುಂಪು ಬೆಳೆಯಿತು. ಒಬ್ಬ ಮೊಬೈಲ್ ಹಿಡಿದು ನನ್ನ ವಿಡಿಯೋ ಮಾಡುತ್ತಿದ್ದ. ಹಿಂದಿನಿಂದ ಯಾರೋ, "ಇವ್ರು ಮಕ್ಕಳ ಮಾರೂ ಮಂದಿ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅಂಥ ಮಾತು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರಿ, ಏನೂ ಅರಿಯದವರ ಮೇಲೆ ಜನ ಮುಗಿಬಿದ್ದ ಸುದ್ದಿಗಳನ್ನು ಓದಿದ್ದೆ. ಹಿಂದಿನ ಬಾಗಿಲು ಎಲ್ಲಿದೆ ಎಂದು ಕಣ್ಣು ಹುಡುಕುತ್ತಿತ್ತು, ಸುಳ್ಳೇಕೆ ಹೇಳಲಿ. ಕಾಲು ನಡುಗಿ ನಿಲ್ಲಲಾಗದೆ, ಬಾಗಿಲ ಹತ್ತಿರವಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತುಬಿಟ್ಟೆ. ದಾರಿಗೆ ಅಡ್ಡ ಕೂತಿದ್ದಾಳೆ, ಇವಳು ಜಗ್ಗುವವಳಲ್ಲ ಎಂದು ಅವರು ತಿಳಿದರು. ಆ ತಪ್ಪು ತಿಳಿವಳಿಕೆಯೇ ಆ ಹೊತ್ತು ನಮ್ಮನ್ನು ಕಾಪಾಡಿತೇನೋ.

ಠಾಣೆಗೆ ಫೋನು ಮಾಡಿದ್ದೆವು. ಪೊಲೀಸರು ಬರುವ ತನಕ ನಾನು ಎರಡು ಹೆದರಿಕೆಗಳ ನಡುವೆ ಸಿಕ್ಕಿಕೊಂಡಿದ್ದೆ. ಗುಂಪು ನುಗ್ಗಿದರೆ ಎಂಬುದು ಒಂದು. ಇವಳೇ ತಾಯಿಯಾಗಿದ್ದು, ಒಂದು ಕಾಗದದ ಸಲುವಾಗಿ ಅವಳ ಎದೆಯಿಂದ ಮಗುವನ್ನು ನಾನು ಕಿತ್ತಿದ್ದರೆ ಎಂಬುದು ಇನ್ನೊಂದು. ಒಳಕೋಣೆಯಲ್ಲಿ ಹುಡುಗಿ ಅತ್ತು ಅತ್ತು ಬಿಕ್ಕಳಿಸುತ್ತಿದ್ದಳು. ಪ್ರತಿ ಬಿಕ್ಕಳಿಕೆಗೂ ಆಯಾಗಳು ನನ್ನತ್ತ ನೋಡುತ್ತಿದ್ದರು.

ಇಬ್ಬರು ಪೊಲೀಸರು ಬಂದು ಗುಂಪನ್ನು ರಸ್ತೆಗೆ ಸರಿಸಿದರು. ಊರು ಯಾವುದು ಎಂದು ಕೇಳಿದ್ದಕ್ಕೆ ಗಂಡಸು ಹೊನ್ನಾವರದ ಪಕ್ಕದ ಕಾಸರಕೋಡ, ಬಸ್ ಹತ್ತುವ ಗದ್ದಲದಲ್ಲಿ ಕೂಸು ಕೈತಪ್ಪಿತು ಎಂದ. ಮೇಲ್ವಿಚಾರಕಿಗೆ ಅಲ್ಲಿಯ ಅಂಗನವಾಡಿ ಟೀಚರ ಪರಿಚಯವಿತ್ತು. ಸ್ಪೀಕರ್ ಹಾಕಿ ಫೋನು ಮಾಡಿ, ಇಂಥ ಮನೆಯವರ ಮಗು ಕಳೆದಿತ್ತಂತೆ, ಇಲ್ಲಿದೆ ಎಂದರು. ಆ ಕಡೆಯಿಂದ ಬಂದ ಮಾತು ಹಜಾರದಲ್ಲಿದ್ದವರಿಗೆಲ್ಲ ಕೇಳಿಸಿತು.

"ಅವ್ರ ಮಗುವಾ? ಅವ್ರಿಗೆ ಮಕ್ಕಳೇ ಇಲ್ಲ. ಅದು ಪಕ್ಕದ ಮನೆ ಕೂಸು. ಅದ್ರ ಅವ್ವಿ ಮೀನು ಒಣಗ್ಸೂ ಕೆಲಸಕ್ಕೆ ಹೋಗ್ತಿತ್ತು, ಟೀಬಿ ಆಗಿ ಮಂಗಳೂರು ಆಸ್ಪತ್ರೆಲಿ ಅದೆ, ಸುಮಾರು ತಿಂಗಳಾತು. ಅಪ್ಪ ಇಲ್ಲ. ಇವ್ರೇ ಸಾಕ್ತಿದ್ರು. ನಿನ್ನೆ ಮನೆಗೆ ಬೀಗ ಹಾಕಂಡು ರತ್ನಗಿರಿ ಬೋಟಿನ ಕೆಲಸಕ್ಕೆ ಹೋದ್ರು ಅಂತ ಕೇಳ್ದೆ. ಕೂಸನ್ನೂ ಕರ್ಕಂಡು ಹೋದ್ರಾ? ಅದ್ರ ಅವ್ವಿಗೆ ಹೇಳ್ದೇನೇ?"

ಹೊಸ್ತಿಲ ಮೇಲಿದ್ದ ಹೆಂಗಸು ಗೋಡೆಗೆ ಒರಗಿದಳು. ಅವಳಿಗೆ ಈಗ ಶಾಪ ಹಾಕುವ ಶಕ್ತಿಯೂ ಇರಲಿಲ್ಲ.

"ಅದ್ರ ಅವ್ವಿ ಬದುಕೂದಿಲ್ಲ ಅಂತ ಎಲ್ಲರೂ ಅಂದಿದ್ರು," ಎಂದಳು. "ನಾ ಉಣ್ಸಿದ್ದು, ನಾ ಮೀಯ್ಸಿದ್ದು. ಕೂಸು ನಂಗೇ ಅವ್ವಿ ಅಂತದೆ. ನೀವೇ ಕೇಳ್ದಿರಲ್ಲ?"

ಕೇಳಿದ್ದೆವು. ಮಗು ಸುಳ್ಳು ಹೇಳಿರಲಿಲ್ಲ. ತನಗೆ ಉಣಿಸಿದ ಕೈಯನ್ನು ಅದು ಗುರುತಿಸಿತ್ತು, ಅಷ್ಟೇ. ಆ ಹೆಂಗಸಿನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಕನಿಕರ, ಅದರ ಬೆನ್ನಿಗೇ ಮೈ ಜುಮ್ಮೆನ್ನುವ ಭಯ. ನಾನು ಚಹಾಕ್ಕೆ ನಿಲ್ಲದೆ ಮೊದಲಿನ ಬಸ್ಸಿಗೇ ಹೊರಟುಹೋಗಿದ್ದರೆ, ಮಗು ಈ ಹೊತ್ತಿಗೆ ರತ್ನಗಿರಿಯ ದಾರಿಯಲ್ಲಿರುತ್ತಿತ್ತು. ಮಂಗಳೂರಿನ ಹಾಸಿಗೆಯ ಮೇಲೊಬ್ಬಳು ಗುಣವಾಗಿ ಎದ್ದು ಬಂದು ಬೀಗ ಹಾಕಿದ ಮನೆಯ ಮುಂದೆ ನಿಲ್ಲುತ್ತಿದ್ದಳು.

ಆದರೆ ಆ ದಿನದ ನಿಜವಾದ ಹೆದರಿಕೆ ಇನ್ನೂ ಬಂದಿರಲಿಲ್ಲ. ಪೊಲೀಸರು ಅವರಿಬ್ಬರನ್ನು ಕರೆದುಕೊಂಡು ಹೋದ ಮೇಲೆ ಹಜಾರ ತಣ್ಣಗಾಯಿತು. ದೊಡ್ಡಮ್ಮ ಖಾಲಿ ಚಾಪೆಯನ್ನೇ ನೋಡುತ್ತ ನಿಂತಿದ್ದರು.

"ಹಿಂದೊಮ್ಮೆ ಇತ್ತಲ, ಆ ಮಿರ್ಜಾನ ಕಡೆ ಹುಡ್ಗಿ," ಎಂದರು ಮೆಲ್ಲಗೆ. "ಮಾವ ಅಂತ ಒಬ್ಬ ಬಂದಿದ್ದ. ನಗಾಡ್ತಾ ಹೋಯಿತ್ತು."

ಮೇಲ್ವಿಚಾರಕಿ ಸುಮ್ಮನಿರುವಂತೆ ಸನ್ನೆ ಮಾಡಿದರು. ಆದರೆ ಇನ್ನೊಬ್ಬ ಆಯಾ ಆಗಲೇ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಅವಳ ತಲೆಯೊಳಗೂ ಯಾವುದೋ ಮಗು ಎದ್ದು ಹೊಸ್ತಿಲ ಕಡೆ ಓಡುತ್ತಿತ್ತೆಂದು ಕಾಣುತ್ತದೆ. ಇಷ್ಟು ವರ್ಷ ಆ ಬಾಗಿಲಿನಿಂದ ನಗುತ್ತ ಹೋದ ಮಕ್ಕಳಲ್ಲಿ ಎಷ್ಟು ಮಂದಿ ತಮ್ಮವರ ಬಳಿಗೇ ಹೋದರು? ಬಹಳ ಮಂದಿ ಹೋಗಿರಬಹುದು. ಹೆಚ್ಚುಕಡಿಮೆ ಎಲ್ಲರೂ ಹೋಗಿರಬಹುದು. ಹಾಗೆಂದು ನಾನು ಹೇಳಬಹುದಿತ್ತು, ಆದರೆ ಹೇಳುವ ಧೈರ್ಯ ನನಗಿರಲಿಲ್ಲ. ಅಲ್ಲಿ ಯಾರೂ ನಾನು ಹೇಳಿದಂತೆ ಆಯಿತೆಂದು ಹೊಗಳಲಿಲ್ಲ, ನನಗೂ ಅದು ಬೇಕಿರಲಿಲ್ಲ. ಮಧ್ಯಾಹ್ನ ಹುಡುಗಿಯನ್ನು ಕಾರವಾರಕ್ಕೆ ಕರೆದೊಯ್ದರು. ತಾಯಿ ಸಿಗುವವರೆಗೆ ಕುಮಟಾದಲ್ಲೇ ಇರಲಿ ಎಂದು ಸಮಿತಿ ಹೇಳಿತು.

ತಾಯಿಗೆ ಆಸ್ಪತ್ರೆಯಿಂದ ಬಿಡುಗಡೆಯಾದ ಸುದ್ದಿ ಬಂದಾಗ ನಾನು ಹೋಗಲೇಬೇಕೆಂದೇನೂ ಇರಲಿಲ್ಲ. ಆದರೂ ಹೋದೆ. ಇನ್ನು ಸೋಂಕು ಹರಡುವುದಿಲ್ಲ ಎಂದು ವೈದ್ಯರು ಹೇಳಿದ್ದರು. ವಿಚಾರಣೆ ಮುಗಿದಿತ್ತು. ಕೆಲವು ದಿನ ಅಲ್ಲೇ ಮಗುವಿನ ಜೊತೆ ಇದ್ದು, ಆಮೇಲೆ ಕರೆದುಕೊಂಡು ಹೋಗಲಿ ಎಂಬ ಸಮಿತಿಯ ಆದೇಶ ಮೇಲ್ವಿಚಾರಕಿಯ ಕೈಯಲ್ಲಿತ್ತು. ಎಲ್ಲವೂ ನಾನು ಪಾಠ ಮಾಡಿದಂತೆಯೇ ನಡೆದಿತ್ತು.

ಅವಳು ಬಸ್ಸಿಳಿದು ನಡೆದೇ ಬಂದಳು. ಮುಖಕ್ಕೆ ಮಾಸ್ಕ್, ಕೈಗಳು ಕಡ್ಡಿಯಂತೆ. ಬಂದವಳು ಹೊಸ್ತಿಲ ಹೊರಗೇ ನಿಂತಳು. ಒಳಗೆ ಬಾ ಎಂದು ನಾವು ಬಾಯಿ ತೆರೆಯುವಷ್ಟರಲ್ಲಿ, ಅಲ್ಲಿಂದಲೇ ಮಗುವಿನ ಹೆಸರು ಹಿಡಿದು ಕರೆದಳು. ಹುಡುಗಿ ತಲೆಯೆತ್ತಿ ನೋಡಿದಳು. ಎದ್ದು ಹೋಗಿ ದೊಡ್ಡಮ್ಮನ ಸೀರೆಯ ಹಿಂದೆ ಅಡಗಿಕೊಂಡಳು.

ಅವಳು ಇನ್ನೊಮ್ಮೆ ಕರೆದಳು. ಈ ಸಲ ದನಿ ಅರ್ಧಕ್ಕೇ ನಿಂತಿತು. ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು.

"ಕೂಸು ಬರ್ಲಿಲ್ಲ," ಎಂದಳು. "ಇನ್ನು ಕೊಡೂದಿಲ್ವಾ? ಇಲ್ಲಿ ಹಂಗೇ ಅಂತೆ ಅಲ್ದಾ?"

ದೊಡ್ಡಮ್ಮ ಮುಖ ತಿರುಗಿಸಿ ಗೋಡೆಯ ಕಡೆ ನೋಡಿದರು. ನಾನು ಎದ್ದು ಹೋಗಿ ಅವಳ ಕೈ ಹಿಡಿದು ಹೊಸ್ತಿಲು ದಾಟಿಸಿದೆ. ಕೂಸು ನಿನ್ನದೇ, ಆದೇಶವೂ ಆಗಿದೆ, ಯಾರೂ ತಡೆಯೂದಿಲ್ಲ ಎಂದೆ. ಅವಳು ತಲೆಯಾಡಿಸಿದಳು, ನಂಬಿದಂತೆ ಕಾಣಲಿಲ್ಲ. ಸಮಿತಿ ಏನೇ ಹೇಳಲಿ, ಅವಳಿಗೆ ಬೇಕಾಗಿದ್ದ ತೀರ್ಪು ದೊಡ್ಡಮ್ಮನ ಸೀರೆಯ ಹಿಂದಿತ್ತು.

ಮೂಲೆಯಲ್ಲಿ ಆಯಾ ಒಬ್ಬಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಾಯಿ ಹೋಗಿ ಅವಳ ಪಕ್ಕ ಕುಳಿತು ತಾನೂ ಕೈ ಹಾಕಿದಳು. ಸುಮ್ಮನೆ ಕೂರಲು ಅವಳಿಗೆ ಆಗುತ್ತಿರಲಿಲ್ಲ ಎಂದು ಕಾಣುತ್ತದೆ. ಮಗುವಿನ ಕಡೆ ಅವಳು ನೋಡಲಿಲ್ಲ, ನೋಡಿದರೆ ಮತ್ತೆ ಅಡಗಿಕೊಂಡೀತು ಎಂದಿರಬೇಕು. ನಾವು ಏನೇನೋ ಕೆಲಸ ಮಾಡುವಂತೆ ನಟಿಸುತ್ತ ಅಲ್ಲೇ ಸುಳಿದಾಡಿದೆವು. ಊಟದ ಹೊತ್ತು ದಾಟಿತು.

ಯಾವಾಗ ಬಂದಳೋ, ಹುಡುಗಿ ಅವಳ ಬೆನ್ನ ಹಿಂದೆ ನಿಂತಿದ್ದಳು. ಮಾಸ್ಕಿನ ದಾರ ಕಿವಿಯ ಹಿಂದೆ ಬಿಗಿದಿದ್ದನ್ನು ನೋಡುತ್ತಿದ್ದಳು. ಕೈ ಚಾಚಿ ಅದನ್ನು ಒಮ್ಮೆ ಎಳೆದು ಬಿಟ್ಟಳು.

ತಾಯಿಯ ಕೈ ಮೊರದಲ್ಲೇ ನಿಂತಿತು. ಅವಳು ಹೊರಳಲಿಲ್ಲ. ಕಣ್ಣು ಮಾತ್ರ ಎತ್ತಿ ನನ್ನನ್ನು ನೋಡಿದಳು, ಈಗ ಎಂತ ಮಾಡಲಿ ಎಂದು ಕೇಳುವಂತೆ. ಮೂರು ತಾಲೂಕಿಗೆ ಕಾನೂನು ಹೇಳಿಕೊಟ್ಟು ಬಂದ ನನಗೆ ಅದು ಗೊತ್ತಿರಲಿಲ್ಲ. ಅಲುಗಾಡಬೇಡ ಎಂದು ಕೈಸನ್ನೆ ಮಾಡಿದೆ. ಹುಡುಗಿ ಇನ್ನೊಮ್ಮೆ ದಾರ ಎಳೆದಳು.