ಇಟಲಿಯ ಕಥೆ ಮುಗಿಸದ ಟೀಚರ್

ಕಾಮಸಮುದ್ರದಿಂದ ಬಸ್ಸಿನಲ್ಲಿ ನಿಂತೇ ಚಿನ್ನದ ಗಣಿಯ ಊರು ಆಂಡರ್ಸನ್‌ಪೇಟೆಯ ಶಾಲೆಗೆ ಬರುವ ವೆಂಕಟರತ್ನಮ್ಮ ಟೀಚರ್, ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಚಪ್ಪಲಿ ಕಳಚಿ, ಕುರ್ಚಿಯಲ್ಲಿ ಕುಸಿದು, "ಉಸ್ಸಪ್ಪಾ, ಎಲ್ಲಿಗ್ ನಿಲ್ಸಿದ್ದೆ?" ಎಂದರೆ ಇಟಲಿಯ ಹಳೆಯದೊಂದು ಮಕ್ಕಳ ಕಾದಂಬರಿಯ ಕಥೆ ಶುರುವಾಯಿತೆಂದೇ ಅರ್ಥ. ಪ್ರತಿಯೊಂದು ಮಾತನ್ನೂ ಕನ್ನಡದಲ್ಲಿ ಹೇಳಿ, ಉರಿಗಾಂ ಗಣಿ ಕಾಲೊನಿಯ ಮಕ್ಕಳಿಗೆಂದು ತಮಿಳಿನಲ್ಲಿ, ತಮ್ಮೂರ ಕಡೆಯ ಮಕ್ಕಳಿಗೆಂದು ತೆಲುಗಿನಲ್ಲಿ ಮತ್ತೆ ಹೇಳುವುದರಿಂದ, ಚೂರುಚೂರಾಗಿದ್ದ ಇಟಲಿ ಒಂದು ದೇಶವಾಗಲು ಹಿಡಿದಷ್ಟೇ ಕಾಲ ಈ ಕಥೆಗೂ ಹಿಡಿಯುತ್ತದೆ. ಸಾಹುಕಾರನ ಮಗನೂ ಗಾರೆಯವನ ಮಗನೂ ಒಂದೇ ಬೆಂಚಿನಲ್ಲಿ ಕೂರುವ ಭಾಗ ಬಂದರೆ ಸಾಕು, ಟೀಚರ್ ಎದ್ದು ಇಡೀ ತರಗತಿಯ ಜಾಗ ಅದಲುಬದಲು ಮಾಡಿಸುತ್ತಾರೆ. ಸೋಮವಾರ ಮಕ್ಕಳೆಲ್ಲ ಹಳೆಯ ಜಾಗಕ್ಕೇ ಮರಳಿರುತ್ತಾರೆ, ಟೀಚರ್ ನಿಟ್ಟುಸಿರಿಟ್ಟು ಹಾಜರಿ ಕೂಗುತ್ತಾರೆ. ಆದರೆ ಪ್ರತಿ ವರ್ಷವೂ, ಪುಟ್ಟ ಹುಡುಗನೊಬ್ಬ ದೇಶಕ್ಕಾಗಿ ಪ್ರಾಣ ಕೊಡುವ ಕಡೆಗೆ ಕಥೆ ತಿರುಗಿತೋ, ಅವರು ಬಾಗಿಲಿನತ್ತ ಕಣ್ಸನ್ನೆ ಮಾಡುತ್ತಾರೆ, ಅಟೆಂಡರ್ ಸೆಲ್ವರಾಜ್ ಗಂಟೆ ಬಾರಿಸುತ್ತಾನೆ, ಮುಂದಿನ ವಾರ ಬೇರೆಯೇ ಅಧ್ಯಾಯ. ಈ ವರ್ಷ ಮಾತ್ರ ಸೆಲ್ವರಾಜ್ ಸುತ್ತಿಗೆ ಹಿಡಿದು ಒಳಗೇ ಬಂದ. "ಇನ್ನೂ ಟೈಮ್ ಐತಲ್ಲ ಮೇಡಂ, ಒಂದ್ ವರ್ಷನಾದ್ರೂ ಆ ಹುಡುಗನ ಕಥೆ ಮುಗಿಸ್ಬಾರ್ದಾ?" ಟೀಚರ್ ಕಾಲಿನಿಂದ ಚಪ್ಪಲಿ ಹುಡುಕುತ್ತಾ ತಗ್ಗಿದ ದನಿಯಲ್ಲಿ ಹೇಳಿದರು: "ಗಣಿಯಾಗೆ ಸತ್ತೋದ ನಿಮ್ಮಪ್ಪನ್ನೂ ದೇಶಕ್ ಚಿನ್ನ ಬೇಕು ಅಂತಾನೇ ಇಳ್ಸಿದ್ದು ಅಲ್ವೇನಣ್ಣಾ? ಈ ಊರು ಕೊಡೋದ್ನ ಕೊಟ್ಟಾಯ್ತು. ಆ ಮಗುವಾದ್ರೂ ಬದುಕ್ಲಿ, ಒಡಿ ಗಂಟೆ."